ಚೀಟಿ ಬಂದಿಲ್ಲ

14 ಜುಲೈ 2024, ಭಾನುವಾರ
ಶಿವಮೊಗ್ಗ

ದೊಡ್ಡಪ್ಪನನ್ನು ನೋಡಿಕೊಂಡು ಈಗಷ್ಟೇ ಬಂದೆ. ಕೊಡೆ ಬಚ್ಚಲಲ್ಲಿ ನೀರಿಳಿಸುತ್ತಿದೆ. ಪುನರ್ವಸು ಮಳೆ ಬಿಡುವ ಲಕ್ಷಣವಿಲ್ಲ. ಮಂಡಗದ್ದೆ ಹತ್ತಿರ ಬಸ್ಸಿನ ಗಾಜು ಒರೆಸಿ ನೋಡಿದರೆ ತುಂಗೆ ಕೆಂಪಗೆ ತುಂಬಿದ್ದಳು.

ಮನುಷ್ಯ ಬಹಳ ಇಳಿದಿದ್ದಾರೆ. ಬಾಯಿ ಮಾತ್ರ ಹಳೇದೇ. ಅಡಿಕೆಗೆ ಕೊಳೆರೋಗದ ಔಷಧಿ ಎರಡನೇ ಸುತ್ತು ಹೊಡೆಸಿಲ್ಲ ಅಂತ ಅಣ್ಣನಿಗೆ ಬೈದು ಮುಗಿಸಿ ನನ್ನ ಕಡೆ ತಿರುಗಿದರು. "ನೀನು ಪಿಯು ಮಕ್ಕಳಿಗೆ ಬಯಾಲಜಿ ಹೇಳೋನಲ್ವಾ, ಇದು ಎಂತದು ಹೇಳು ನೋಡನ."

ಆಸ್ಪತ್ರೆಯಲ್ಲಿ ಹಾರ್ಟ್ ನಿಂತು, ಎದೆ ಒತ್ತಿ, ಶಾಕ್ ಕೊಟ್ಟು ಎಬ್ಬಿಸಿದರಲ್ಲ, ಆ ಹೊತ್ತಿನಲ್ಲಿ ಅವರು ಅಡಿಕೆ ಮಂಡಿಯಲ್ಲಿದ್ದರಂತೆ. ನೋವಿಲ್ಲ, ಮಳೆಯಿಲ್ಲ, ಎಲ್ಲಿಂದಲೋ ಅಡಿಕೆ ಬೇಯಿಸಿದ ಚೊಗರು ಕುದಿಯುವ ವಾಸನೆ. ಮಣೆ ಮೇಲೆ ಬನಿಯನ್ನು ಹಾಕಿಕೊಂಡ ರೈಟರೊಬ್ಬ ಉದ್ದನೆ ಲೆಕ್ಕದ ಪುಸ್ತಕ ಮಗುಚುತ್ತಿದ್ದ. ಹೆಸರು ಕೇಳಿದ. ಬೆರಳಿಟ್ಟು ಹುಡುಕಿದ. "ನಿಮ್ಮ ಚೀಟಿ ಬಂದಿಲ್ಲ, ಹೋಗಿ" ಅಂದ. ತಲೆ ಎತ್ತಿ ಮುಖ ಕೂಡ ನೋಡಲಿಲ್ಲವಂತೆ. ದೊಡ್ಡಪ್ಪನಿಗೆ ಬೇಜಾರು ಅದಕ್ಕೇ. ನಲವತ್ತು ವರ್ಷ ಮಂಡಿಗೆ ಅಡಿಕೆ ಹಾಕಿದವರಿಗೆ ಹಾಗಾ ಮಾಡೋದು?

ನನಗೆ ನಗು ಬಂತು, ಆದರೆ ರೋಮವೂ ಎದ್ದಿತು. ಪುಸ್ತಕದಲ್ಲಿ ಹೆಸರಿಲ್ಲ, ತಪ್ಪಾಗಿ ಕರೆತಂದಿದ್ದಾರೆ, ವಾಪಸ್ ಕಳಿಸಿ ಅನ್ನುವ ಈ ಕಥೆ ನಾನು ಓದಿದ್ದೆ. ನಿಮ್ಹಾನ್ಸಿನಲ್ಲಿದ್ದ ಸತ್ವಂತ್ ಪಸ್ರಿಚಾ ಅವರು ಅಮೆರಿಕದ ಮನೋವೈದ್ಯ ಇಯಾನ್ ಸ್ಟೀವನ್‌ಸನ್ ಜೊತೆ 1986ರಲ್ಲಿ, ಸಾವಿನ ಅಂಚಿಗೆ ಹೋಗಿ ಬಂದ ನಮ್ಮ ದೇಶದವರ 16 ಪ್ರಕರಣ ಬರೆದಿಟ್ಟಿದ್ದಾರೆ. ಯಮದೂತರು, ಪುಸ್ತಕ, ಗುಮಾಸ್ತನ ತಪ್ಪು. ಅಮೆರಿಕದವರಿಗೆ ಸುರಂಗ, ಬೆಳಕು, ಸತ್ತ ನೆಂಟರು. ನಮಗೆ ಕಚೇರಿ! ತೀರ್ಥಹಳ್ಳಿ ಕಡೆಯವರಿಗೆ ಅದು ಮಂಡಿಯಾದರೆ ಆಶ್ಚರ್ಯ ಎಂತದು?

ಅದನ್ನೇ ಹೇಳಿದೆ. ಪರಲೋಕ ಒಂದೇ ಆಗಿದ್ದರೆ ಊರಿಗೊಂದು ನಮೂನೆ ಯಾಕೆ ಕಾಣಬೇಕು? ಮಿದುಳು ತನ್ನ ಉಗ್ರಾಣದಲ್ಲಿ ಇದ್ದದ್ದನ್ನೇ ತೆಗೆದು ತೋರಿಸುತ್ತದೆ. 2013ರಲ್ಲಿ ಮಿಷಿಗನ್‌ನಲ್ಲಿ ಇಲಿಗಳ ಹೃದಯ ನಿಲ್ಲಿಸಿ ನೋಡಿದ್ದರು, ಮೊದಲ ಅರ್ಧ ನಿಮಿಷದಲ್ಲಿ ಮಿದುಳಿನ ಚಟುವಟಿಕೆ ಏರಿತ್ತು ಎಂದೆ.

"ಇಲಿಗೂ ಮಂಡಿ ಕಂಡಿತ್ತಾ?"

ಉತ್ತರವಿರಲಿಲ್ಲ. ಹೋಗಲಿ, ಮಿದುಳಿನ ವಿವರಣೆಯೂ ಪೂರ್ತಿ ಅಲ್ಲ ಅಂತ ನನಗೂ ಗೊತ್ತು. ಹಾಲೆಂಡಿನ ಹೃದಯ ವೈದ್ಯ ವಾನ್ ಲೊಮ್ಮೆಲ್ 2001ರಲ್ಲಿ ಬರೆದ, ಹೃದಯ ನಿಂತು ಮತ್ತೆ ಬದುಕಿದ 344 ರೋಗಿಗಳಲ್ಲಿ ಇಂಥದ್ದು ಹೇಳಿದವರು 62 ಜನ ಮಾತ್ರ. ಬರೀ ಆಮ್ಲಜನಕ ಕಡಿಮೆಯಾಗಿದ್ದೇ ಕಾರಣವಾದರೆ ಎಲ್ಲರಿಗೂ ಕಾಣಬೇಕಿತ್ತಲ್ಲ ಅನ್ನುವುದು ಅವರ ತಕರಾರು. ಇರಬಹುದು. ಆದರೂ ಅಂಗಳದಿಂದ ತಿರುಗಿ ಬಂದವರ ಹತ್ತಿರ ಒಳಮನೆ ಹೇಗಿದೆ ಅಂತ ಕೇಳಿದರೆ ಎಂತ ಹೇಳಿಯಾರು.

ಇಷ್ಟಕ್ಕೇ ನಿಂತಿದ್ದರೆ ಬರೆಯುತ್ತಿರಲಿಲ್ಲ. ಕಷಾಯದ ಲೋಟ ಕೆಳಗಿಟ್ಟು ದೊಡ್ಡಪ್ಪ ಮೆಲ್ಲಗೆ ಅಂದರು: "ಎಷ್ಟು ಹಗೂರ ಇತ್ತು ಮಾರಾಯ. ಸತ್ಯ ಹೇಳ್ತೀನಿ, ವಾಪಸ್ ಬರೋಕೆ ಮನಸ್ಸೇ ಇರ್ಲಿಲ್ಲ."

ದೊಡ್ಡಮ್ಮ ಬಾಗಿಲಲ್ಲೇ ಇದ್ದರು. ಕೈಯಲ್ಲಿ ಹಪ್ಪಳದ ತಟ್ಟೆ. ನನ್ನ ಮುಂದೆ ಇಟ್ಟು, ಒಂದು ಮಾತೂ ಆಡದೆ ಒಳಗೆ ಹೋದರು. ಆಮೇಲೆ ಪಾತ್ರೆಗಳ ಸದ್ದು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಾರೆ ಅನ್ನಿಸಿತು. ಹನ್ನೊಂದು ದಿನ ಐಸಿಯು ಹೊರಗಿನ ಬೆಂಚಿನ ಮೇಲೆ ಕೂತು, ಬೇಡದ ದೇವರಿಗೆಲ್ಲ ಹರಕೆ ಹೊತ್ತವರು ಅವರು. ದೊಡ್ಡಪ್ಪನಿಗೆ ಅದರ ಕಡೆ ಲಕ್ಷ್ಯವೇ ಇಲ್ಲ. ರೈಟರು ಮುಖ ನೋಡಲಿಲ್ಲ ಅನ್ನುವುದನ್ನೇ ಇನ್ನೊಮ್ಮೆ ಶುರುಮಾಡಿದರು.

ನಾಳೆ ಮೊದಲ ಪಿರಿಯಡ್ಡೇ ನನ್ನದು. ಒಣಗಿದ ಪ್ಯಾಂಟು ಒಂದೂ ಇಲ್ಲ.

ಹೊರಡುವಾಗ ದೊಡ್ಡಮ್ಮ ಅಪ್ಪೆಮಿಡಿ ಬಾಟಲಿ ಹಿಡಿದು ತಂಗುದಾಣದವರೆಗೆ ಬಂದರು. ಬೇಡ, ಮಳೆ ಎಂದರೂ ಕೇಳಲಿಲ್ಲ. ತುಂಬ ಹೊತ್ತು ಸುಮ್ಮನಿದ್ದು ಕೇಳಿದರು, "ಹಂಗೆ ಹೋಗಿ ಬಂದೋರಿಗೆಲ್ಲ ಬರೋದು ಬೇಡ ಅನ್ಸತ್ತಂತಾ?"

ಸುಮಾರು ಜನ ಹಾಗೇ ಹೇಳ್ತಾರೆ ದೊಡ್ಡಮ್ಮ, ಅದು ಪುಸ್ತಕದಲ್ಲೂ ಇದೆ ಎಂದೆ. ಸಮಾಧಾನ ಆಗಲಿ ಅಂತಲೇ ಹೇಳಿದ್ದು.

"ಹೆಂಡ್ತಿ ಮಕ್ಳು ಇರೋರಿಗೂ?"

ಅಷ್ಟರಲ್ಲಿ ಬಸ್ಸು ಬಂತು. ತಲೆ ಆಡಿಸಿದೆ ಅನ್ನಿಸುತ್ತದೆ, ಹೌದು ಅಂತಲೋ ಅಲ್ಲ ಅಂತಲೋ. ಕೊಡೆ ಅಡ್ಡ ಇತ್ತು, ಅವರಿಗೆ ಕಂಡಿರಲಿಕ್ಕಿಲ್ಲ.

ಈಗ ಫೋನ್ ಮಾಡೋಣ ಅಂತ ತೆಗೆದೆ. ಎತ್ತುವುದು ದೊಡ್ಡಪ್ಪನೇ. ಅವರ ಹತ್ತಿರ ದೊಡ್ಡಮ್ಮನಿಗೆ ಕೊಡಿ ಅಂದರೆ ಎಂತಕ್ಕೆ ಅಂತ ಕೇಳುತ್ತಾರೆ, ಆಮೇಲೆ