ಉಪ್ಪುನೀರಿನಲ್ಲಿ ಕಲಿತ ಮೋಲ್

2013ರ ಜೂನ್‌ನಲ್ಲಿ ದಾವಣಗೆರೆಯ ಪದವಿಪೂರ್ವ ಕಾಲೇಜೊಂದರ ವಿಜ್ಞಾನ ವಿಭಾಗಕ್ಕೆ ಸೇರಿದಾಗ ನನ್ನ ಮನಸ್ಸಿನಲ್ಲಿದ್ದದ್ದು ಬಿ.ಎಸ್ಸಿ. ನರ್ಸಿಂಗ್ ಒಂದೇ. ಅದಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಸೇರಿ ಕನಿಷ್ಠ ಶೇ 45 ಅಂಕ ಬೇಕಿತ್ತು. ಹತ್ತನೆಯ ತರಗತಿಯವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದ್ದ ನನಗೆ ಜೀವಶಾಸ್ತ್ರ ಒಲಿಯಿತು, ಭೌತಶಾಸ್ತ್ರ ತಕ್ಕಮಟ್ಟಿಗೆ ಬಂತು. ರಸಾಯನಶಾಸ್ತ್ರದ ಮೊದಲ ಅಧ್ಯಾಯದಲ್ಲೇ ಎದುರಾದ, ವಸ್ತುವಿನ ಕಣಗಳನ್ನು ತೂಕದಿಂದ ಎಣಿಸುವ ಮೋಲ್ ಲೆಕ್ಕ ಮಾತ್ರ ದಾರಿಗಡ್ಡವಾಗಿ ನಿಂತಿತು. ಮೊದಲ ಕಿರುಪರೀಕ್ಷೆಯಲ್ಲಿ 25ಕ್ಕೆ 4 ಅಂಕ ಬಂದ ದಿನ ಉತ್ತರಪತ್ರಿಕೆಯನ್ನು ಮನೆಯಲ್ಲಿ ತೋರಿಸಲು ಧೈರ್ಯ ಬರಲಿಲ್ಲ.

ದ್ರಾವಣ ಎಷ್ಟು ಗಾಢ ಎಂದು ಹೇಳುವ ಮೊಲಾರಿಟಿ, ಮೊಲಾಲಿಟಿ ಎಂಬ ಎರಡು ಪದಗಳು ಕಿವಿಗೆ ಒಂದೇ ರೀತಿ ಕೇಳುತ್ತಿದ್ದವು. ಸೂತ್ರಗಳನ್ನು ಬಾಯಿಪಾಠ ಮಾಡಿದ್ದೆ, ಆದರೆ ಯಾವುದನ್ನು ಯಾವುದರಿಂದ ಭಾಗಿಸಬೇಕು, ಏಕೆ ಭಾಗಿಸಬೇಕು ಎಂಬುದು ತಿಳಿದಿರಲಿಲ್ಲ. ನನ್ನ ಉತ್ತರಪತ್ರಿಕೆಯನ್ನು ನೋಡಿದ ರಸಾಯನಶಾಸ್ತ್ರದ ಸರ್ ಗದರಲಿಲ್ಲ. ನನ್ನ ತಂದೆ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆಂದು ತಿಳಿದ ಮೇಲೆ, "ಹುರಿಯೋ ಮುಂಚೆ ಅಕ್ಕಿಗೆ ಉಪ್ಪುನೀರು ಹಾಕ್ತಾರಲ್ಲಮ್ಮ, ಎಷ್ಟು ನೀರಿಗೆ ಎಷ್ಟು ಉಪ್ಪು ಅಂತ ನಿಮ್ಮಪ್ಪನ್ನ ಕೇಳಿಕೊಂಡು ಬಾ" ಎಂದರು.

ಅಪ್ಪ ಹೇಳಿದ್ದು ಇಷ್ಟೇ: "ಅದನ್ನ ಅಳೀತಾರೇನವ್ವ, ನಾಲಿಗೆಗೆ ಗೊತ್ತಾಗ್ತತಿ."

ಮರುದಿನ ಸರ್ ನನ್ನನ್ನು ಪ್ರಯೋಗಾಲಯಕ್ಕೆ ಕರೆದು, ನಾಲಿಗೆಯ ಆ ಲೆಕ್ಕವನ್ನು ತಕ್ಕಡಿಗೆ ತರುವುದನ್ನು ಕಲಿಸಿದರು. ಪರಮಾಣು ತೂಕಗಳಾದ ಸೋಡಿಯಂನ 23, ಕ್ಲೋರಿನ್‌ನ 35.5 ಕೂಡಿದರೆ 58.5, ಅಷ್ಟು ಗ್ರಾಂ, ಎಂದರೆ ಒಂದು ಮೋಲ್ ಉಪ್ಪನ್ನು ತೂಗಿ ಫ್ಲಾಸ್ಕಿಗೆ ಸುರಿಯಲು ಹೇಳಿದರು. ನಾನು ಒಂದು ಲೀಟರ್ ನೀರನ್ನು ಅಳೆದು ತರಲು ಹೊರಟಾಗ ತಡೆದು, ಉಪ್ಪಿಗೆ ಲೀಟರ್ ನೀರು ಸೇರಿಸುವುದಲ್ಲ, ಉಪ್ಪೂ ನೀರೂ ಕೂಡಿ ಕತ್ತಿನ ಗೆರೆಯವರೆಗೆ ಒಂದು ಲೀಟರ್ ಆಗಬೇಕು, ಅದು ಮೊಲಾರಿಟಿ ಎಂದರು. ನೀರನ್ನೇ ಬೇರೆಯಾಗಿ ಒಂದು ಕಿಲೋ ತೂಗಿ ಹಾಕಿದರೆ ಅದು ಮೊಲಾಲಿಟಿ. ಎಷ್ಟೋ ರಾತ್ರಿ ಓದಿಯೂ ಹಿಡಿತಕ್ಕೆ ಸಿಗದಿದ್ದ ವ್ಯತ್ಯಾಸ, ಬೀಕರಿನಿಂದ ಕೊನೆಯ ಹನಿಗಳನ್ನು ಎಣಿಸಿ ಹಾಕುತ್ತಿದ್ದಾಗ ಸಿಕ್ಕಿತು. ಒಂದು ಮೋಲ್‌ನಲ್ಲಿರುವ ಕಣಗಳ ಸಂಖ್ಯೆಯಾದ 6.022 × 10²³ ಎಂಬ ಅವೊಗಾಡ್ರೊ ಸಂಖ್ಯೆಯನ್ನು ಎಣಿಸುವವರು ಯಾರೂ ಇಲ್ಲ, ನಾವು ತೂಕದಿಂದಲೇ ಎಣಿಸುತ್ತೇವೆ ಎಂಬುದೂ ಅಂದೇ ಮನದಟ್ಟಾಯಿತು.

ಅಂದಿನಿಂದ ಪುಸ್ತಕದ ಎಡಪುಟದಲ್ಲಿ ದ್ರಾವ್ಯ, ದ್ರಾವಕ, ದ್ರಾವಣ ಎಂದು ಕನ್ನಡದಲ್ಲೂ ಬಲಪುಟದಲ್ಲಿ ಇಂಗ್ಲಿಷಿನಲ್ಲೂ ಬರೆದುಕೊಳ್ಳತೊಡಗಿದೆ. ನನ್ನಂತಹ ಅನೇಕರು ಸೋಲುತ್ತಿದ್ದದ್ದು ವಿಷಯದ ಎದುರಿಗಲ್ಲ, ಒಮ್ಮೆಗೇ ಬದಲಾದ ಭಾಷೆಯ ಎದುರಿಗೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಾವಯವ ರಸಾಯನಶಾಸ್ತ್ರ ಕೊನೆಯವರೆಗೂ ಕಷ್ಟವಾಗಿಯೇ ಉಳಿಯಿತು, ಆದರೂ ದ್ವಿತೀಯ ಪಿಯುಸಿಯಲ್ಲಿ ನರ್ಸಿಂಗ್‌ಗೆ ಬೇಕಾದಷ್ಟು ಅಂಕಗಳು ಬಂದವು.

ನರ್ಸಿಂಗ್ ಸೇರಿದ ಮೇಲೆ ನಾರ್ಮಲ್ ಸಲೈನ್ ಬಾಟಲಿಯ ಚೀಟಿಯಲ್ಲಿ ಶೇ 0.9 ಎಂದು ಓದಿದಾಗ, ಲೀಟರಿಗೆ 9 ಗ್ರಾಂ, ಅದನ್ನು 58.5ರಿಂದ ಭಾಗಿಸಿದರೆ 0.154 ಮೋಲ್ ಎಂದು ಮನಸ್ಸು ತಾನಾಗಿ ಲೆಕ್ಕ ಹಾಕಿತು. ಮುಂದೊಮ್ಮೆ ಅಪ್ಪನಿಗೇ ಸಲೈನ್ ಏರಿಸಬೇಕಾಗಿ ಬಂದಾಗ ಅದರಲ್ಲಿ ಉಪ್ಪೆಷ್ಟು ಎಂದು ಕೇಳಿದರು. ಹೇಳಿದೆ. "ಬಾಳ ಸಪ್ಪಗಾತಲ್ಲವ್ವ" ಎಂದರು. ರಕ್ತದ ಕಣಗಳಿಗೆ ಅಷ್ಟೇ ಹಿತ, ಬರೀ ನೀರು ಸೇರಿದರೆ ಅವು ಉಬ್ಬಿ ಒಡೆಯುತ್ತವೆ, ಉಪ್ಪು ಹೆಚ್ಚಾದರೆ ಸೊರಗುತ್ತವೆ ಎಂದು ವಿವರಿಸಿದಾಗ ತುಂಬ ಹೊತ್ತು ಆ ಬಾಟಲಿಯನ್ನೇ ನೋಡುತ್ತಿದ್ದರು.

ಈಗ ವಾರ್ಡಿಗೆ ಬರುವ ನರ್ಸಿಂಗ್ ವಿದ್ಯಾರ್ಥಿನಿಯರಿಗೆ ನಾನು ಮೊದಲು ತೋರಿಸುವುದು ಪೊಟ್ಯಾಷಿಯಂ ಕ್ಲೋರೈಡ್‌ನ ಪುಟ್ಟ ಆಂಪೂಲನ್ನು. ಅದರ 10 ಮಿಲಿಲೀಟರಿನಲ್ಲಿ 1.5 ಗ್ರಾಂ, ಎಂದರೆ 20 ಮಿಲಿಈಕ್ವಿವಲೆಂಟ್ (ಇಲ್ಲಿ ಒಂದು ಮೋಲ್‌ನ ಸಾವಿರದಲ್ಲಿ 20 ಭಾಗ) ಇರುತ್ತದೆ. ಬೆರೆಸದೆ ನೇರವಾಗಿ ರಕ್ತನಾಳಕ್ಕೆ ಚುಚ್ಚಿದರೆ ಹೃದಯ ನಿಂತುಬಿಡಬಹುದು. ಸಲೈನಿನಲ್ಲಿ ಚೆನ್ನಾಗಿ ಬೆರೆಸಿ ನಿಧಾನವಾಗಿ ಹರಿಸಬೇಕು. ಆ 20 ಎಲ್ಲಿಂದ ಬಂತು ಎಂದು ಕೇಳಿದಾಗ ಕನ್ನಡ ಮಾಧ್ಯಮದಿಂದ ಬಂದ ಹುಡುಗಿಯೊಬ್ಬಳು ತಲೆತಗ್ಗಿಸಿದರೆ, ಕಾಗದ ಕೊಟ್ಟು, ಪೊಟ್ಯಾಷಿಯಂನ 39, ಕ್ಲೋರಿನ್‌ನ 35.5 ಎರಡನ್ನೂ ಮೊದಲು ಕೂಡಿಸಮ್ಮ ಎನ್ನುತ್ತೇನೆ.