ಇನ್ಸುಲಿನ್ ಮಾತ್ರೆ ಯಾವಾಗ ಬರುತ್ತೆ ಅಂತ ಕೇಳುವವರಿಗೆ

ನನ್ನ ಕೆಲಸ ಔಷಧಿ ಹೊರುವ ನ್ಯಾನೋಕಣಗಳನ್ನು, ಅಂದರೆ ಕಣ್ಣಿಗೆ ಕಾಣದಷ್ಟು ಪುಟ್ಟ ಕಣಗಳನ್ನು, ಮಾಡುವುದು. ಇದು ಗೊತ್ತಾದ ತಕ್ಷಣ ಜನ ಕೇಳುವುದು ಒಂದೇ ಪ್ರಶ್ನೆ: "ಹಾಗಾದ್ರೆ ಇನ್ಸುಲಿನ್‌ಗೆ ಮಾತ್ರೆ ಯಾವಾಗ?" ಕೇಳುವವರಲ್ಲಿ ಎಷ್ಟೋ ಜನ ದಿನಾ ಸೂಜಿ ಚುಚ್ಚಿಕೊಳ್ಳುವವರು. ಸುಮ್ನೆ ನಕ್ಕು ಜಾರಿಕೊಳ್ಳಲು ಮನಸ್ಸು ಬರುವುದಿಲ್ಲ.

ಇನ್ಸುಲಿನ್ ಒಂದು ಪ್ರೋಟೀನ್. 51 ಅಮೈನೋ ಆಮ್ಲ ಸೇರಿ ಆದದ್ದು. ಅದು ಔಷಧಿ ಅಂತ ಹೊಟ್ಟೆಗೇನು ಗೊತ್ತು? ತಿಂದ ಬೇರೆ ಪ್ರೋಟೀನ್ ಹಾಗೆಯೇ ಅದನ್ನೂ ಅರಗಿಸಿ ಹಾಕುತ್ತದೆ. ಜಠರದಲ್ಲಿ ಆಮ್ಲ ಮತ್ತು ಪ್ರೋಟೀನ್ ಕತ್ತರಿಸುವ ಪೆಪ್ಸಿನ್ ಎಂಬ ಕಿಣ್ವ, ಅಲ್ಲಿ ತಪ್ಪಿಸಿಕೊಂಡರೆ ಸಣ್ಣ ಕರುಳಿನಲ್ಲಿ ಅದೇ ಕೆಲಸದ ಟ್ರಿಪ್ಸಿನ್. ಅದಕ್ಕೇ 1922ರಲ್ಲಿ ಮೊದಲ ರೋಗಿಗೆ ಚುಚ್ಚಿದ್ದು, ಇವತ್ತಿಗೂ ಹೆಚ್ಚಿನವರು ಚುಚ್ಚಿಕೊಳ್ಳುತ್ತಲೇ ಇದ್ದಾರೆ.

ಸರಿ, ಔಷಧಿಯನ್ನು ಪಾಲಿಮರ್ (ಪ್ಲಾಸ್ಟಿಕ್‌ನಂಥ, ಉದ್ದ ಸರಪಳಿ ಅಣುಗಳ ವಸ್ತು) ಕಣದೊಳಗೆ ಬಚ್ಚಿಟ್ಟು ಕಳಿಸಿದರೆ? ನಾವು ಜಾಸ್ತಿ ಬಳಸುವುದು ಪಿಎಲ್‌ಜಿಎ ಅನ್ನುವ ಪಾಲಿಮರ್. ತಾನಾಗಿ ಕರಗುವ ಹೊಲಿಗೆ ದಾರಕ್ಕೂ ಇದನ್ನೇ ಬಳಸುತ್ತಾರೆ. ಮೈಯೊಳಗೆ ನಿಧಾನಕ್ಕೆ ಒಡೆದು ಲ್ಯಾಕ್ಟಿಕ್ ಆಮ್ಲ, ಗ್ಲೈಕಾಲಿಕ್ ಆಮ್ಲ ಆಗುತ್ತದೆ.

ಕಣ ಮಾಡುವುದು ನೋಡಲು ಚೆಂದ. ಪಾಲಿಮರ್ ಮತ್ತು ಔಷಧಿ ಎರಡನ್ನೂ ಅಸಿಟೋನ್‌ನಲ್ಲಿ ಕರಗಿಸಿ, ಗರಗರ ತಿರುಗುತ್ತಿರುವ ನೀರಿಗೆ ತೊಟ್ಟು ತೊಟ್ಟಾಗಿ ಬಿಡಬೇಕು. ಅಸಿಟೋನ್ ನೀರಿನಲ್ಲಿ ಬೆರೆತುಹೋಗುತ್ತದೆ, ಪಾಲಿಮರ್‌ಗೆ ನೀರು ಆಗಿಬರುವುದಿಲ್ಲ, ಹಾಗಾಗಿ ಅದು ಔಷಧಿಯನ್ನೂ ಒಳಗೆ ಎಳೆದುಕೊಂಡು ಪುಟ್ಟ ಪುಟ್ಟ ಉಂಡೆ ಕಟ್ಟುತ್ತದೆ. ತಿಳಿ ನೀರು ನೋಡನೋಡುತ್ತಲೇ ಹಾಲು ಹನಿಸಿದ ಹಾಗೆ ಮಸುಕಾಗುತ್ತದೆ. ಬೆಳಕಿಗೆ ಹಿಡಿದಾಗ ತೆಳು ನೀಲಿ ಛಾಯೆ ಕಂಡರೆ ಖುಷಿ. ಕಣಗಳು 200 ನ್ಯಾನೋಮೀಟರ್ ಆಸುಪಾಸಿನಲ್ಲಿ ಇರಬಹುದು (ತಲೆಕೂದಲಿನ ದಪ್ಪ ಸುಮಾರು 80,000). ಬಿಳಿ ಚೂರು ತೇಲಿದರೆ ಅವತ್ತಿನ ಕೆಲಸ ಹಾಳು. ಇನ್ಸುಲಿನ್ ಈ ವಿಧಾನಕ್ಕೆ ಸುಲಭವಾಗಿ ಬಗ್ಗುವುದಿಲ್ಲ, ಅದು ನೀರಿನ ಕಡೆಗೇ ಓಡುತ್ತದೆ. ಅದರ ಗೋಳು ಬೇರೆಯೇ ಇದೆ, ಬಿಡಿ.

ನಿಜವಾದ ತಲೆನೋವು ಕರುಳಿನ ಲೋಳೆ. ಒಳಗೋಡೆಗೆಲ್ಲ ಲೋಳೆ ಮೆತ್ತಿಕೊಂಡಿರುತ್ತದೆ, ಕಣ ಅದನ್ನು ದಾಟಿಯೇ ಗೋಡೆ ಮುಟ್ಟಬೇಕು. ಅಂಟಿಕೊಳ್ಳಲಿ ಅಂತ ಸೀಗಡಿ, ಏಡಿ ಚಿಪ್ಪಿನಿಂದ ತೆಗೆದ ಕೈಟೋಸಾನ್ ಬಳಿಯುತ್ತೇವೆ. ಅದರದು ಧನ ಚಾರ್ಜ್, ಲೋಳೆಯದು ಋಣ, ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಆದರೆ ಲೋಳೆ ನಿಂತಲ್ಲಿ ನಿಲ್ಲುವುದಿಲ್ಲ, ಕಳಚಿಕೊಂಡು ಮುಂದೆ ಸಾಗುತ್ತಲೇ ಇರುತ್ತದೆ, ಅದರ ಜೊತೆ ನಮ್ಮ ಕಣವೂ ಹೊರಟುಹೋಗುತ್ತದೆ. ಅಂಟದಿರಲಿ ಅಂತ ಪೆಗ್ (PEG, ಪಾಲಿಎಥಿಲೀನ್ ಗ್ಲೈಕಾಲ್) ಅನ್ನುವ ಇನ್ನೊಂದು ಪಾಲಿಮರ್ ಬಳಿದರೆ ನುಣ್ಣಗೆ ಜಾರಿ ಗೋಡೆ ತಲುಪುತ್ತದೆ, ಆದರೆ ಅಲ್ಲಿನ ಜೀವಕೋಶಕ್ಕೂ ಅಂಟುವುದಿಲ್ಲ. ಅಂಟಿದರೂ ಕಷ್ಟ, ಅಂಟದಿದ್ದರೂ ಕಷ್ಟ!

ಹಾಗಂತ ಆಗಲೇ ಇಲ್ಲ ಅಂತಲ್ಲ. 1988ರಲ್ಲೇ ಸಕ್ಕರೆ ಕಾಯಿಲೆ ಬರಿಸಿದ ಇಲಿಗಳಿಗೆ ಪಾಲಿಮರ್ ನ್ಯಾನೋಕ್ಯಾಪ್ಸೂಲ್‌ನಲ್ಲಿ ಇನ್ಸುಲಿನ್ ಕುಡಿಸಿ ಸಕ್ಕರೆ ಇಳಿಸಿದ್ದರು. ಆ ಪಾಲಿಮರ್ ಯಾವುದು ಗೊತ್ತಾ? ತಟ್ಟನೆ ಅಂಟುವ ಸೂಪರ್ ಗ್ಲೂ ಇದೆಯಲ್ಲ, ಅದರ ವಂಶದ್ದೇ.

ಮತ್ತೆ ಯಾಕೆ ತಡ? ಒಳಗೆ ಹೋಗುವುದು ಕಡಿಮೆ ಅನ್ನುವುದು ಒಂದು ಕಾರಣ, ಆದರೆ ನನ್ನ ಪ್ರಕಾರ ದೊಡ್ಡ ಕಾರಣ ಅದಲ್ಲ. 2019ರಲ್ಲಿ ಬಂದ ಸೆಮಗ್ಲುಟೈಡ್ ಅನ್ನುವ ಸಕ್ಕರೆ ಕಾಯಿಲೆಯ ಮಾತ್ರೆ ನೋಡಿ. ಅದರಲ್ಲಿ ನ್ಯಾನೋಕಣ ಇಲ್ಲ, ಔಷಧಿ ಹೊಟ್ಟೆಯಿಂದ ರಕ್ತಕ್ಕೆ ಸೇರಲು ನೆರವಾಗುವ ಸ್ನ್ಯಾಕ್ (SNAC) ಅನ್ನುವ ಸಹಾಯಕ ವಸ್ತು ಇದೆ. ಖಾಲಿ ಹೊಟ್ಟೆಯಲ್ಲಿ ಸ್ವಲ್ಪವೇ ನೀರಿನ ಜೊತೆ ನುಂಗಿ ಅರ್ಧ ಗಂಟೆ ಕಾದರೂ ರಕ್ತಕ್ಕೆ ಸೇರುವುದು ನೂರರಲ್ಲಿ ಒಂದು ಪಾಲಿನಷ್ಟು. ಆದರೂ ನಡೆಯುತ್ತದೆ. ಯಾಕಂದ್ರೆ ಮೈಯೊಳಗೆ ಆ ಔಷಧಿ ಅರ್ಧ ಖಾಲಿಯಾಗಲು ಸುಮಾರು ಒಂದು ವಾರ ಬೇಕು. ಇವತ್ತು ಸ್ವಲ್ಪ ಕಡಿಮೆ, ನಾಳೆ ಸ್ವಲ್ಪ ಜಾಸ್ತಿ ಹೋದರೂ ಸರಿತೂಗುತ್ತದೆ. ಇನ್ಸುಲಿನ್ ಹಾಗಲ್ಲ. ಊಟದ ಹೊತ್ತಿಗೆ ತೆಗೆದುಕೊಂಡದ್ದು ಗಂಟೆಗಳ ಲೆಕ್ಕದಲ್ಲಿ ಕೆಲಸ ಮುಗಿಸಬೇಕು. ಇವತ್ತು ನೂರಕ್ಕೆ ಒಂದು, ನಾಳೆ ಎರಡು ಸೇರಿತು ಅಂದರೆ ಡೋಸ್ ದುಪ್ಪಟ್ಟಾಯಿತು, ಅಲ್ವಾ? ಸಕ್ಕರೆ ದಿಢೀರ್ ಇಳಿದು ತಲೆ ತಿರುಗಿ ಬೀಳುವ ಪರಿಸ್ಥಿತಿ.

ಅದಕ್ಕೇ ನನಗೆ ಈಗ ಹೆಚ್ಚು ಆಸೆ ಇರುವುದು ಕರುಳಿನದೇ ಕಾಯಿಲೆಗಳ ಮೇಲೆ. ಕರುಳು ಊದಿಕೊಂಡು ಹುಣ್ಣಾಗಿದ್ದರೆ ಕಣಗಳು ಅಲ್ಲೇ ಹೆಚ್ಚು ಸೇರಿಕೊಳ್ಳುವುದು ಪ್ರಾಣಿಗಳಲ್ಲಿ ಕಂಡಿದೆ. ಔಷಧಿ ಬೇಕಾಗಿರುವುದೂ ಅಲ್ಲೇ. ಗೋಡೆ ದಾಟಿ ರಕ್ತಕ್ಕೆ ಸೇರಲೇಬೇಕು ಅನ್ನುವ ಹಟ ಅಲ್ಲಿ ಇಲ್ಲ.