ರೂಮು ಎಷ್ಟಿದೆ?

ಇವತ್ತು ರಾತ್ರಿ ಹನ್ನೊಂದೂವರೆಗೆ ಲಂಡನ್ನಿನಿಂದ ಫೋನು. ಅಲ್ಲಿ ಇನ್ನೂ ಸಂಜೆ ಏಳು. ಮುಂಬೈ ಮಾಟುಂಗದ ಉಡುಪಿ ಹೋಟೆಲ್‌ಗಳ ಬಗ್ಗೆ ನಾನು ಕಳಿಸಿದ್ದ ವರದಿ, ಅದನ್ನು ತಿದ್ದುವ ಡೆಸ್ಕಿನವರ ಕೈಯಲ್ಲಿತ್ತು.

"ಈ ಹೋಟೆಲ್‌ನಲ್ಲಿ ರೂಮು ಎಷ್ಟಿದೆ?"

ಒಂದೂ ಇಲ್ಲ ಅಂದೆ.

"ಮತ್ತೆ ಹೋಟೆಲ್ ಅಂತ ಯಾಕೆ ಬರೆದೆ?"

ಏನಂತ ಹೇಳಲಿ! ಸಾಲದ್ದಕ್ಕೆ ನಾನು ಬರೆದ ರಾಮ ನಾಯಕರ ಹೋಟೆಲ್ಲಿನ ಹೆಸರಲ್ಲೇ 'ಶ್ರೀಕೃಷ್ಣ ಬೋರ್ಡಿಂಗ್' ಅಂತ ಇದೆ. 1942ರಿಂದ ಬಾಳೆಎಲೆ ಊಟ ಬಡಿಸುತ್ತಿರುವ ಜಾಗ. ಬೋರ್ಡಿಂಗ್ ಅಂದ್ರೆ ಊಟ, ಲಾಡ್ಜಿಂಗ್ ಅಂದ್ರೆ ಮಲಗೋದು, ಅದು ನಿಮ್ಮದೇ ಭಾಷೆ ಸ್ವಾಮಿ ಅಂತ ಬಾಯಿಗೆ ಬಂತು. ನುಂಗಿಕೊಂಡೆ. ಹೊಸಬಳು ನಾನು. ಪದದ ಲೆಕ್ಕದಲ್ಲಿ ದುಡ್ಡು, ಸಂಬಳ ಅಲ್ಲ.

800 ಪದ ಕಳಿಸಿದ್ದೆ, 500 ಉಳಿದಿದೆ. ಲಕ್ಷ ಹೋಗಿ ನೂರು ಸಾವಿರ ಆಗಿದೆ. ಸಾರು 'ಬೇಳೆ ಸೂಪ್' ಆಗಿದೆ. ಇದನ್ನ ಅಮ್ಮನಿಗೆ ಹೇಳುವ ಧೈರ್ಯ ನನಗಿಲ್ಲ. ನನ್ನ ಹೆಸರು ಮಾತ್ರ ಪೂರ್ತಿ ಇದೆ, ಸ್ಪೆಲ್ಲಿಂಗ್ ಕೂಡ ಸರಿ.

ಫೋನ್ ಇಟ್ಟ ಮೇಲೆ ನಿದ್ದೆ ಬರಲಿಲ್ಲ. ಹುಟ್ಟಿದಾಗಿನಿಂದ ಹೋಟೆಲ್ ಅಂತಲೇ ಕರೆದದ್ದು. ಯಾಕೆ ಅಂತ ನಾನೂ ಯಾವತ್ತೂ ಕೇಳಿರಲಿಲ್ಲ ಅಲ್ವಾ?

ನಾಳೆ ಕಾಫಿಗೆ ಹೋದಾಗ ಗಲ್ಲಾದಲ್ಲಿ ಕೂರುವ ಮಾಮನನ್ನ ಸುಮ್ನೆ ಕೇಳಿ ನೋಡಬೇಕು.